ಟೋಕನ್ ಗುಂಡಿ

ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿ ಮೇಲೆ
ನನ್ನದೊಂದು ಕೋಣೆ. ಎರಡು ಪರದೆ, ಒಂದು ಫ್ಯಾನು,
ಡ್ರಾಯರಿನಲ್ಲಿ ಏಳು ಹಳೇ ಫೋನು:
ಒಂದಕ್ಕೆ ಗಾಜು ಸೀಳು, ಒಂದಕ್ಕೆ ಬ್ಯಾಟರಿ ಬಸುರಿ.
ಕೆಟ್ಟ ಫೋನು ಎಸೆಯಬೇಡಿ, ನನಗೆ ಕೊಡಿ
ಅಂತ ಬೀದಿಗೆಲ್ಲ ಹೇಳಿಟ್ಟಿದ್ದೇನೆ.

ಬಿತ್ತನೆ ಆಲೂಗಡ್ಡೆ ಸಂಘದ ಕಾರ್ಯದರ್ಶಿ
ಧರಣೇಂದ್ರಯ್ಯನವರು ಕೇಳಿದ್ದು ಇಷ್ಟೇ:
'ಮೇ ಬಂತು ಅಂದ್ರೆ ಶೀತಲಗೃಹದ ಗೇಟಿಗೆ
ಚಪ್ಪಲಿ ಸಾಲಿಗಿಟ್ಟು ಜನ ಪಕ್ಕದಲ್ಲೇ ಮಲಗ್ತಾರಮ್ಮ.
ಮನೆಯಿಂದ್ಲೇ ಟೋಕನ್ ತಗೊಳ್ಳೋ ಹಾಗೆ ಒಂದು ಪುಟ ಮಾಡಿಕೊಡು.
ಗುಂಡಿ ಮಾತ್ರ ಹಸಿರಿರಲಿ. ಗಿಣಿ ಹಸಿರು.'

ಬರೆದದ್ದು ಒಂದು ಪುಟ.
ಅದೇ ಗಡ್ಡೆ ಒಬ್ಬರ ಮನೆಯಲ್ಲಿ ಸಾಗು,
ಒಬ್ಬರಲ್ಲಿ ಬೋಂಡ,
ಇನ್ನೊಬ್ಬರು ತೊಳೆಯದೆ ಸುಟ್ಟು ತಟ್ಟೆಗೆ ಹಾಕುತ್ತಾರೆ.

ಕ್ರೋಮ್ ಊರಿಗೆಲ್ಲ ಬೇಕಾದ ಅಳಿಯ.
ಯಾವ ಮನೆಗೆ ಹೋದರೂ ನಡುಮನೆಯಲ್ಲಿ ಅವನೇ,
ಕೂತಲ್ಲೇ ಅರ್ಧ ಪಾತ್ರೆ ಅನ್ನ ಖಾಲಿ.
'ನಮ್ಮ ಅಳಿಯನಿಗೆ ಸರಿಹೋದರೆ ಸಾಕು ಬಿಡಿ'
ಅಂದವರ ಮಾತು ಕೇಳಿ ಎರಡು ಸಲ ಕೆಟ್ಟಿದ್ದೇನೆ.
ಎಡ್ಜ್‌ಗೆ ಅವನದೇ ಹೊಟ್ಟೆ, ಬೇರೆ ಅಂಗಿ.

ಫೈರ್‌ಫಾಕ್ಸ್ ನಮ್ಮ ಫಿಲೋಮಿನಾ ಟೀಚರ್.
ಎಲ್ಲಿ ಎಷ್ಟು ಜಾಗ ಬಿಟ್ಟೆ, ಯಾವ ಡಬ್ಬ ಯಾವುದರ ಮೇಲೇರಿದೆ,
ಗೆರೆ ಹಾಕಿ ತೋರಿಸುತ್ತಾರೆ, ಬಯ್ಯುವುದಿಲ್ಲ.
ಈಗ ಅವರ ಮನೆಗೆ ಹೋಗುವವರೇ ಕಡಿಮೆ.
ಬೆಳಿಗ್ಗೆ ನಾನು ಮೊದಲು ಹೋಗುವುದು ಅಲ್ಲಿಗೇ.

ಸಫಾರಿಗೆ ನನ್ನ ಬಳಿ ದುಡ್ಡಿಲ್ಲ.
ಎದುರು ಕಟ್ಟಡದ ಹಲ್ಲಿನ ಡಾಕ್ಟರ್ ನಸ್ರೀನ್
ಒಂದು ಹಲ್ಲಿಗೂ ಇನ್ನೊಂದು ಹಲ್ಲಿಗೂ ನಡುವೆ
ಹತ್ತು ನಿಮಿಷ ತಮ್ಮ ಐಫೋನ್ ಕೊಡುತ್ತಾರೆ.
ಡ್ರಿಲ್ಲಿನ ಸದ್ದಿನಲ್ಲಿ ನೋಡುತ್ತೇನೆ:
ನಾನು ಕೊಟ್ಟ ತಾರೀಕನ್ನು ಅದು ತಾರೀಕೇ ಅಲ್ಲ ಅನ್ನುತ್ತದೆ,
ಗಿಣಿಹಸಿರು ಗುಂಡಿಯನ್ನು ಅರ್ಧ
ತನ್ನ ತಳದ ಪಟ್ಟಿಯ ಕೆಳಗೆ ಬಚ್ಚಿಡುತ್ತದೆ.
ಬಡ್ಡಿಗೆ ಕೊಟ್ಟವರ ಹಾಗೆ ಕಾರಣ ಹೇಳುವುದಿಲ್ಲ.

ಆಮೇಲೆ ಸಂಘದ ಆಫೀಸಿನ ಕಂಪ್ಯೂಟರು.
ಎಂದೋ ಸತ್ತು ತಿಥಿಯೂ ಮುಗಿದ ಬ್ರೌಸರ್ ಅದರಲ್ಲಿ
ಇನ್ನೂ ಸಂಬಳಕ್ಕೆ ಕೂತಿದೆ.
ತೆರೆದರೆ ಒತ್ತಕ್ಷರವೆಲ್ಲ ಕಾಲು ಮುರಿದು ಪಕ್ಕಕ್ಕೆ:

ಧರಣೇಂದ್‌ರಯ್‌ಯ

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ
'ನನ್ನ ಹೆಸರು ಇಷ್ಟು ಉದ್ದ ಅಂತ ಗೊತ್ತಿರಲಿಲ್ಲ' ಅಂದರು.

ಎಲ್ಲ ತೇಪೆ ಹಾಕಿದೆ. ಹದಿನೈದು ದಿನ.
ಐದೂ ಕಡೆ ಒಂದೇ ಹಸಿರು, ಒಂದೇ ದುಂಡು ಮೂಲೆ.
ಸಾರ್ ಪೇಡ ತರಿಸಿದರು.

ಮಾರನೇ ದಿನ ಮೆಟ್ಟಿಲು ಹತ್ತಿ ಬಂದಳು
ಕಂದಲಿ ಕಡೆಯ ದ್ಯಾವೀರಮ್ಮ,
ರವಿಕೆಯೊಳಗಿಂದ ಅಂಗೈಯಷ್ಟು ಫೋನು ತೆಗೆದಳು.
ಒಪೆರಾ ಮಿನಿ. ಡೇಟಾ ಉಳಿಯುತ್ತೆ ಅಂತ ಮಗಳು ಹಾಕಿಕೊಟ್ಟದ್ದು.
ಅಕ್ಷರ ನೆಟ್ಟಗಿದೆ. ಹಸಿರೂ ಇದೆ.
'ಒತ್ತೀ ಒತ್ತೀ ಬೆಳ್ಳು ಸವೀತು ಕಣವ್ವ.
ನಿನ್ ಗುಂಡಿಗೆ ಕಿವುಡಾ?'

ಕಿವುಡಲ್ಲ. ಅದು ಗುಂಡಿಯೇ ಅಲ್ಲ.
ಬಣ್ಣ ಬಳಿದು ಮೂಲೆ ಉಜ್ಜಿ ನಿಲ್ಲಿಸಿದ
ಬರೀ ಡಬ್ಬ. ಅದಕ್ಕೆ ಕಿವಿ ಅಂಟಿಸಿದ್ದು ನನ್ನ ಸ್ಕ್ರಿಪ್ಟು,
ಅದು ಅವಳ ಫೋನಿನಲ್ಲಿ ಓಡಲೇ ಇಲ್ಲ.
ಅವಳು ಬಿದ್ದದ್ದು ನಾನೇ ತೋಡಿದ ಗುಂಡಿಗೆ.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಫಿ ಹೇಳಿ,
ಎಲ್ಲ ಅಳಿಸಿದೆ. ಕಲಿತ ಮೊದಲ ವಾರ ಬರೆದ ಹಾಗೆ
ಒಂದು ಅರ್ಜಿ, ಎರಡು ಚೌಕ, ನಿಜವಾದ ಗುಂಡಿ.
ಕಾಫಿ ಆರುವ ಮೊದಲೇ ಮುಗಿಯಿತು.
ಒಂದೊಂದು ಬ್ರೌಸರಿನಲ್ಲಿ ಒಂದೊಂದು ಬೂದು,
ಒಂದೊಂದು ಅಗಲ. ಎಲ್ಲದರಲ್ಲೂ ಒತ್ತಿದರೆ ಓಗೊಡುತ್ತದೆ.
ಅವಳಿಗೆ ಬಂದದ್ದು ನಲವತ್ತೊಂದು.

'ಗಿಣಿ ಹಸಿರು ಎಲ್ಲಮ್ಮ?' ಸಾರ್ ಫೋನು.
ಹಾಕ್ತೀನಿ ಸಾರ್, ಆಮೇಲೆ, ಮೇಲಿಂದ.

ಸೋಮವಾರ ಬೆಳಿಗ್ಗೆ ಶೀತಲಗೃಹಕ್ಕೆ ಹೋದೆ.
ಕೈಯಲ್ಲಿ ಟೋಕನ್ ಹಿಡಿದವರೆಲ್ಲ
ಕಾಲಿನ ಚಪ್ಪಲಿಯನ್ನೂ ಸಾಲಿಗೆ ಬಿಟ್ಟಿದ್ದರು,
ಯಾತಕ್ಕೂ ಇರಲಿ ಅಂತ.
ಬೇಜಾರಾಗಲಿಲ್ಲ. ನಾನು ಫಾಂಟ್ ಬರೆಯುವುದೂ ಹೀಗೆ:
ಇದಿಲ್ಲದಿದ್ದರೆ ಅದು, ಅದೂ ಇಲ್ಲದಿದ್ದರೆ
ಮನೆಯಲ್ಲಿ ಏನಿದೆಯೋ ಅದು.
ನಲವತ್ತೊಂದನೇ ಜಾಗದಲ್ಲಿ ಒಂದೇ ಒಂದು ಚಪ್ಪಲಿ,
ಉಂಗುಷ್ಠಕ್ಕೆ ಪಿನ್ನು ಚುಚ್ಚಿದ್ದು.